ಮುಖ ಊದಿಸಿದ್ದು ಯಾವ ಸ್ಟೀರಾಯ್ಡ್? ಮೂಗಿನ ಸ್ಪ್ರೇ ಬಳಕೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಪೂರ್ವಭಾಗದಲ್ಲಿ, ಅಡಿಕೆ ತೋಟಗಳ ನಡುವಿನ ಒಂದು ಸಣ್ಣ ಪೇಟೆಯಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಸಿಸ್ಟ್ ಆಗಿ ನಾನು ಹತ್ತಿರದಿಂದ ಕಂಡ ಪ್ರಕರಣವೊಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಊರು, ವಯಸ್ಸು ಹಾಗೂ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಔಷಧಗಳು, ಅವುಗಳ ಪ್ರಮಾಣ ಮತ್ತು ಘಟನೆಗಳ ಅನುಕ್ರಮವನ್ನು ಬದಲಿಸಿಲ್ಲ.

ನಲವತ್ತರ ಆಸುಪಾಸಿನ ಈ ಮಹಿಳೆ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಕಿ. ನಮ್ಮ ಕಡೆ ಎಲ್ಲರೂ ಕರೆಯುವಂತೆ ಇಲ್ಲಿಯೂ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಮದುವೆಯಾಗಿ ಅಡಿಕೆ ಕೃಷಿಕರ ಮನೆಗೆ ಬಂದ ಮೇಲೆ ಅವರಿಗೆ ಬೆಳಿಗ್ಗೆ ಎದ್ದೊಡನೆ ಸಾಲುಸಾಲಾಗಿ ಸೀನು, ಮೂಗಿನಲ್ಲಿ ಮತ್ತು ಕಣ್ಣಿನಲ್ಲಿ ತುರಿಕೆ, ನೀರಿನಂತೆ ಸುರಿಯುವ ಮೂಗು, ರಾತ್ರಿ ಮಲಗಿದರೆ ಎರಡೂ ಹೊಳ್ಳೆ ಕಟ್ಟಿಕೊಂಡು ಬಾಯಿಯಲ್ಲೇ ಉಸಿರಾಡಬೇಕಾದ ಸ್ಥಿತಿ ಶುರುವಾಗಿತ್ತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿಯ ಹಾಸಿಗೆ, ದಿಂಬು, ಪುಸ್ತಕದ ಕಪಾಟು, ಗೋಡೆ ಎಲ್ಲವೂ ತೇವದಿಂದಲೇ ಇರುತ್ತವೆ. ಮನೆಧೂಳಿನ ಹುಳಕ್ಕೂ ಬೂಸ್ಟಿಗೂ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಬೇಕಿಲ್ಲ. ಮಳೆ ಮುಗಿದ ಮೇಲೆ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿಯುವ ಕೆಲಸ ಆರಂಭವಾಗುತ್ತದೆ, ಆಗ ಸಿಪ್ಪೆಯ ಧೂಳು ಮನೆಯೊಳಗೆಲ್ಲ ತುಂಬುತ್ತದೆ. ಹೀಗಾಗಿ ಅವರ ಅಲರ್ಜಿ ಒಂದು ಋತುವಿಗೆ ಸೀಮಿತವಾಗದೆ ವರ್ಷವಿಡೀ ಕಾಡುತ್ತಿತ್ತು.

ವಾರದಲ್ಲಿ ನಾಲ್ಕು ದಿನಕ್ಕೂ ಹೆಚ್ಚು, ತಿಂಗಳುಗಟ್ಟಲೆ ಲಕ್ಷಣಗಳಿದ್ದು, ನಿದ್ದೆ ಮತ್ತು ಕೆಲಸ ಎರಡೂ ಕೆಡುತ್ತಿದ್ದರೆ ಅದನ್ನು ನಿರಂತರವೂ ತೀವ್ರವೂ ಆದ ಅಲರ್ಜಿಕ್ ರೈನೈಟಿಸ್ ಎಂದು ಪರಿಗಣಿಸುತ್ತಾರೆ. ಇಂಥ ಸ್ಥಿತಿಗೆ ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇಯೇ ಪ್ರಧಾನ ಔಷಧ. ಸೆಟಿರಿಜಿನ್‌ನಂಥ ಮಾತ್ರೆಗಳು ಸೀನು ಮತ್ತು ತುರಿಕೆಯನ್ನು ತಗ್ಗಿಸುತ್ತವೆ, ಆದರೆ ಮೂಗು ಕಟ್ಟುವುದನ್ನು ಅಷ್ಟಾಗಿ ಬಿಡಿಸುವುದಿಲ್ಲ. ಟೀಚರ್‌ಗೆ ಆ ಮಾತ್ರೆ ತೆಗೆದುಕೊಂಡ ಮರುದಿನ ಮೊದಲ ಪೀರಿಯಡ್‌ನಲ್ಲಿ ತೂಕಡಿಕೆ ಬೇರೆ ಬರುತ್ತಿತ್ತು.

ಕುಟುಂಬ ವೈದ್ಯರು ಮಳೆಗಾಲದ ಆರಂಭದಲ್ಲಿ ಫ್ಲುಟಿಕಾಸೋನ್ ಪ್ರೊಪಿಯೋನೇಟ್ ಸ್ಪ್ರೇ ಬರೆದುಕೊಟ್ಟರು. ಒಂದು ಪಫ್‌ನಲ್ಲಿ 50 ಮೈಕ್ರೋಗ್ರಾಂ. ಪ್ರತಿ ಹೊಳ್ಳೆಗೆ 2 ಪಫ್, ದಿನಕ್ಕೆ ಒಂದೇ ಬಾರಿ, ಅಂದರೆ ದಿನಕ್ಕೆ ಒಟ್ಟು 200 ಮೈಕ್ರೋಗ್ರಾಂ. ನಮ್ಮ ಅಂಗಡಿಯಿಂದಲೇ ಅವರು 120 ಪಫ್‌ಗಳ ಬಾಟಲಿ ಕೊಂಡೊಯ್ದರು.

ದೂರು

ಮೂರು ತಿಂಗಳು ಕಳೆದು, ಓಣಂ ರಜೆಯ ಹೊತ್ತಿಗೆ ಟೀಚರ್ ಅದೇ ಬಾಟಲಿಯನ್ನು ಹಿಡಿದುಕೊಂಡು, ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಬಂದರು. ಮಾತು ಆರಂಭಿಸಿದ್ದು ಅತ್ತೆ.

"ಇದು ಸ್ಟೀರಾಯ್ಡ್ ಅಂತೆ, ಹೌದಾ? ಇವಳ ಮುಖ ನೋಡಿ, ಹೇಗೆ ಊದಿದೆ! ನಮ್ಮ ಯಜಮಾನರಿಗೂ ದಮ್ಮಿಗೆ ಕೊಟ್ಟ ಗುಳಿಗೆಯಿಂದ ಹೀಗೆಯೇ ಆದದ್ದು, ಮತ್ತೆ ಶುಗರೂ ಬಂತು."

ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಟೀಚರ್‌ನ ಕೆನ್ನೆಗಳು ದುಂಡಗಾಗಿದ್ದವು, ತೂಕ ಹೆಚ್ಚಿತ್ತು, ಮುಟ್ಟು ಏರುಪೇರಾಗಿತ್ತು. ಯಾವಾಗಲೂ ಹಸಿವು ಎಂದು ಅವರೇ ಹೇಳಿದರು. ಮೂಗಿನ ಎಡ ಹೊಳ್ಳೆಯಿಂದ ಎರಡು ಬಾರಿ ರಕ್ತ ಬಂದಿತ್ತು. ಮೂಗು ಮಾತ್ರ ಕಟ್ಟಿಕೊಂಡೇ ಇತ್ತು. ಮನೆಯವರು ಇವೆಲ್ಲವನ್ನೂ ಸ್ಪ್ರೇಯ ಲೆಕ್ಕಕ್ಕೆ ಬರೆದು, ಬಾಟಲಿಯನ್ನು ಹಿಂತಿರುಗಿಸಲು ಬಂದಿದ್ದರು.

ಕೌಂಟರಿನ ಮೇಲಿಟ್ಟ ಆ ಕಂದು ಗಾಜಿನ ಬಾಟಲಿಯನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದು ನೋಡಿದಾಗ ಪ್ರಕರಣದ ದಿಕ್ಕು ಬದಲಾಯಿತು. ದ್ರವದ ಮಟ್ಟ ಬಾಟಲಿಯ ಕತ್ತಿಗಿಂತ ಬೆರಳಿನಷ್ಟು ಕೆಳಗಿತ್ತು, ಅಷ್ಟೇ. ದಿನಕ್ಕೆ 4 ಪಫ್‌ನಂತೆ ಬಳಸಿದ್ದರೆ 120 ಪಫ್‌ಗಳ ಬಾಟಲಿ 30 ದಿನಕ್ಕೆ ಮುಗಿಯಬೇಕು. ಮೂರು ತಿಂಗಳಲ್ಲಿ ಮೂರು ಬಾಟಲಿ ಖಾಲಿಯಾಗಬೇಕಿತ್ತು. ಇಲ್ಲಿ ಒಂದು ಬಾಟಲಿಯ ಕಾಲು ಭಾಗವೂ ಖರ್ಚಾಗಿರಲಿಲ್ಲ. ಬಳಸದೇ ಇದ್ದ ಔಷಧವು ಮುಖ ಊದಿಸಲು ಸಾಧ್ಯವಿಲ್ಲ. ಲಕ್ಷಣಗಳು ಸ್ಟೀರಾಯ್ಡ್ ಹೆಚ್ಚಾದಾಗ ಕಾಣುವಂಥವೇ ಆಗಿದ್ದರಿಂದ, ಆ ಸ್ಟೀರಾಯ್ಡ್ ದೇಹಕ್ಕೆ ಬೇರೆ ಯಾವ ದಾರಿಯಿಂದ ಬಂತು ಎಂಬುದೇ ಕೇಳಬೇಕಾದ ಪ್ರಶ್ನೆಯಾಯಿತು.

ನಾನು ಬಾಟಲಿಯನ್ನು ಹಿಂದೆ ಪಡೆಯಲಿಲ್ಲ. "ಟೀಚರೇ, ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿ ನಾಳೆ ತನ್ನಿ, ಹಚ್ಚುವ ಮುಲಾಮು, ಮೂಗಿಗೆ ಬಿಡುವ ಹನಿ, ಹಳೆಯ ಚೀಟಿ ಯಾವುದನ್ನೂ ಬಿಡಬೇಡಿ" ಎಂದು ಕೇಳಿಕೊಂಡೆ. ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಬಾಯಿಮಾತಿನಲ್ಲಿ ಕೇಳಿದರೆ ಹೆಚ್ಚಿನವರು ಮಾತ್ರೆಗಳನ್ನಷ್ಟೇ ಹೇಳುತ್ತಾರೆ. ಮುಲಾಮು ಮತ್ತು ಇಂಜೆಕ್ಷನ್ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ.

ಚೀಲದಿಂದ ಹೊರಬಂದದ್ದು

ಮೊದಲನೆಯದು ಸೈಲೋಮೆಟಜೋಲಿನ್ ಹನಿ. ಮೂಗು ಕಟ್ಟಿದಾಗ ಎರಡು ನಿಮಿಷದಲ್ಲಿ ಬಿಡಿಸುವ ಈ ಹನಿಯನ್ನು ಅವರು ಸ್ಪ್ರೇಗೂ ಮೊದಲಿನಿಂದ, ದಿನಕ್ಕೆ ಮೂರು ನಾಲ್ಕು ಬಾರಿ, ತಿಂಗಳುಗಟ್ಟಲೆ ಬಳಸುತ್ತಿದ್ದರು. ಇದು ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಪರಿಣಾಮ ಇಳಿದೊಡನೆ ಅವು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ಮೂರರಿಂದ ಐದು ದಿನಗಳಿಗಿಂತ ಹೆಚ್ಚು ಮುಂದುವರಿಸಿದರೆ ಹನಿಯೇ ಮೂಗು ಕಟ್ಟಿಸುವ ಕಾರಣವಾಗುತ್ತದೆ. ಸ್ಪ್ರೇ ಕೆಲಸ ಮಾಡಲಿಲ್ಲ ಎಂದು ಟೀಚರ್‌ಗೆ ಅನಿಸಲು ಅರ್ಧ ಕಾರಣ ಇಲ್ಲಿತ್ತು.

ಎರಡನೆಯದು ತೊಡೆಸಂದಿನ ಹುಳುಕಡ್ಡಿಗೆಂದು ಹಚ್ಚುತ್ತಿದ್ದ ಮುಲಾಮು. ಮಳೆಗಾಲದಲ್ಲಿ ನಮ್ಮ ಕಡೆ ಮನೆಗೊಬ್ಬರಿಗಾದರೂ ಈ ಬಾಧೆ ಇರುತ್ತದೆ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಕ್ಲೋಬೆಟಾಸೋಲ್ ಎಂದಿತ್ತು. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತ್ಯಂತ ಪ್ರಬಲವಾದ ವರ್ಗಕ್ಕೆ ಸೇರಿದ್ದು. ಸಂಬಂಧಿಕರೊಬ್ಬರು "ಹಚ್ಚಿದರೆ ತುರಿಕೆ ಕೂಡಲೇ ನಿಲ್ಲುತ್ತದೆ" ಎಂದು ತಂದುಕೊಟ್ಟದ್ದಂತೆ. ತುರಿಕೆ ನಿಲ್ಲುವುದು ಸ್ಟೀರಾಯ್ಡ್‌ನ ಗುಣ, ಹುಳುಕಡ್ಡಿ ಹಬ್ಬುವುದೂ ಅದರದೇ ಕೊಡುಗೆ. ಹಬ್ಬಿದ ಹುಳುಕಡ್ಡಿಗಾಗಿ ಮತ್ತೊಬ್ಬ ವೈದ್ಯರು ಕೊಟ್ಟ ಇಟ್ರಾಕೊನಜೋಲ್ ಮಾತ್ರೆಯ ಪಟ್ಟಿ ಚೀಲದಿಂದ ಹೊರಬಂದ ಮೂರನೆಯ ವಸ್ತು.

ನಾಲ್ಕನೆಯದು ಔಷಧವಲ್ಲ, ಮಡಚಿಟ್ಟಿದ್ದ ಒಂದು ಬಿಲ್ಲು. ಸ್ಪ್ರೇಯಿಂದ ಪ್ರಯೋಜನವಾಗದೆ ಹೋದಾಗ ಅವರು ಬೇರೊಂದು ಪಟ್ಟಣದ ಕ್ಲಿನಿಕ್ಕಿಗೆ ಹೋಗಿ 'ಅಲರ್ಜಿಯ ಇಂಜೆಕ್ಷನ್' ಹಾಕಿಸಿಕೊಂಡಿದ್ದರು, ಐದು ವಾರ ಬಿಟ್ಟು ಇನ್ನೊಂದು. ಬಿಲ್ಲಿನಲ್ಲಿದ್ದ ಹೆಸರು ಟ್ರೈಆಮ್ಸಿನೊಲೋನ್, 40 ಮಿಲಿಗ್ರಾಂ. "ಆ ಸೂಜಿ ಮಾತ್ರ ಒಳ್ಳೆಯದು ಅಣ್ಣಾ, ಮೂರು ವಾರ ಒಂದು ಸೀನೂ ಬರಲಿಲ್ಲ" ಎಂದು ಟೀಚರ್ ಹೇಳಿದರು. ಅದು ಮಾಂಸಖಂಡದಲ್ಲಿ ಉಳಿದು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೇರುತ್ತಿರುವ ಸ್ಟೀರಾಯ್ಡ್ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. 40 ಮಿಲಿಗ್ರಾಂ ಎಂದರೆ 40,000 ಮೈಕ್ರೋಗ್ರಾಂ. ಸ್ಪ್ರೇಯನ್ನು ಪೂರ್ಣ ಪ್ರಮಾಣದಲ್ಲಿ, ದಿನವೂ ತಪ್ಪದೆ 200 ದಿನ ಬಳಸಿದರೆ ಆಗುವ ತೂಕ ಅದು. ಎರಡು ಔಷಧಗಳ ಬಲ ಬೇರೆಬೇರೆಯಾದ್ದರಿಂದ ಬರಿಯ ತೂಕದ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ: ಇಂಜೆಕ್ಷನ್ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ, ಮೂಗಿಗೆ ಸಿಂಪಡಿಸಿದ ಫ್ಲುಟಿಕಾಸೋನ್‌ನಲ್ಲಿ ರಕ್ತಕ್ಕೆ ಸೇರುವುದು ಶೇಕಡಾ 2ಕ್ಕಿಂತಲೂ ಕಡಿಮೆ. ಗಂಟಲಿಗಿಳಿದು ಹೊಟ್ಟೆ ಸೇರಿದ ಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ಎಲ್ಲ ಸ್ಪ್ರೇಗಳೂ ಹೀಗಲ್ಲ ಎಂಬುದನ್ನೂ ಸೇರಿಸಬೇಕು. ಹಳೆಯ ತಲೆಮಾರಿನ ಬೆಕ್ಲೋಮೆಥಾಸೋನ್ ಮತ್ತು ಬುಡೆಸೊನೈಡ್ ಇದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತವೆ, ಮೊಮೆಟಾಸೋನ್ ಮತ್ತು ಫ್ಲುಟಿಕಾಸೋನ್ ತೀರ ಕಡಿಮೆ.

ಇಟ್ರಾಕೊನಜೋಲ್ ಈ ಕಥೆಯ ಒಳಗೆ ಬರುವುದು ಇದೇ ಯಕೃತ್ತಿನ ದಾರಿಯಿಂದ. ಸ್ಟೀರಾಯ್ಡ್‌ಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವವನ್ನು ಈ ಮಾತ್ರೆ ತಡೆಹಿಡಿಯುತ್ತದೆ. ಹಾಗಾಗಿ ಇಂಜೆಕ್ಷನ್‌ನ ಟ್ರೈಆಮ್ಸಿನೊಲೋನ್ ದೇಹದಲ್ಲಿ ಕರಗಬೇಕಾದುದಕ್ಕಿಂತ ಹೆಚ್ಚು ಕಾಲ ಉಳಿಯಿತು ಎಂದು ಊಹಿಸಲು ಎಲ್ಲ ಕಾರಣವೂ ಇತ್ತು. ಸ್ಪ್ರೇಯನ್ನು ಸರಿಯಾಗಿ ಬಳಸಿದ್ದರೂ ಈ ಮಾತ್ರೆಯ ಜೊತೆಗೆ ಅದರ ಸುರಕ್ಷತೆ ಕಡಿಮೆಯಾಗುತ್ತಿತ್ತು. ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಜೊತೆಗೂ ಇದೇ ತೊಡಕು ಇನ್ನೂ ತೀವ್ರವಾಗಿ ಇದೆ.

ಕೈಗೊಂಡ ಕ್ರಮ

ಫಾರ್ಮಸಿಸ್ಟ್ ಆಗಿ ಔಷಧ ಬದಲಿಸುವ ಅಧಿಕಾರ ನನ್ನದಲ್ಲ. ನಾಲ್ಕೂ ವಸ್ತುಗಳ ಹೆಸರು, ಪ್ರಮಾಣ ಮತ್ತು ಬಳಸಿದ ಅವಧಿಯನ್ನು ಒಂದು ಹಾಳೆಯಲ್ಲಿ ಬರೆದು, ಅವರ ಕುಟುಂಬ ವೈದ್ಯರಿಗೆ ಫೋನ್ ಮಾಡಿ ಅದೇ ದಿನ ಕಳುಹಿಸಿದೆ. ವೈದ್ಯರು ಮೊದಲು ಮಾಡಿದ್ದು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಕೆಲಸವಲ್ಲ, ಅಳೆಯುವ ಕೆಲಸ: ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ದೇಹವೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್‌ನ ಬೆಳಿಗ್ಗೆ 8 ಗಂಟೆಯ ಮಟ್ಟ. ಸಕ್ಕರೆ ಗಡಿಯಲ್ಲಿತ್ತು, ಕಾರ್ಟಿಸಾಲ್ ಕಡಿಮೆಯಿತ್ತು. ಹೊರಗಿನಿಂದ ಬಂದ ಸ್ಟೀರಾಯ್ಡ್‌ನಿಂದಾಗಿ ದೇಹದ ಸ್ವಂತ ಉತ್ಪಾದನೆ ತಗ್ಗಿದೆ ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು. ವಿಪರೀತ ಸುಸ್ತು, ತಲೆಸುತ್ತು, ವಾಂತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು, ಬೇರೆ ಯಾವ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಈ ಇಂಜೆಕ್ಷನ್‌ಗಳ ವಿಷಯವನ್ನು ಮೊದಲು ಹೇಳಬೇಕು ಎಂದು ಎಚ್ಚರಿಸಿ ಕಳುಹಿಸಿದರು. ಚರ್ಮವೈದ್ಯರು ಕ್ಲೋಬೆಟಾಸೋಲ್ ಬಿಡಿಸಿ ಸ್ಟೀರಾಯ್ಡ್ ಇಲ್ಲದ ಮುಲಾಮು ಕೊಟ್ಟರು. ಇಟ್ರಾಕೊನಜೋಲ್ ಬದಲಿಗೆ ಆ ಕಿಣ್ವವನ್ನು ತಡೆಯದ ಟರ್ಬಿನಾಫಿನ್ ಬಂತು.

ಆಮೇಲೆ ವೈದ್ಯರು ಮತ್ತೆ ಅದೇ ಸ್ಪ್ರೇಯನ್ನು ಬರೆದರು. ಮನೆಯವರಿಗೆ ಇದು ನುಂಗಲಾರದ ಮಾತಾಯಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕಷ್ಟವೆನಿಸಿದ ಘಟ್ಟವೂ ಇದೇ. ಸ್ಟೀರಾಯ್ಡ್‌ನಿಂದ ಕೆಟ್ಟ ದೇಹಕ್ಕೆ ಮತ್ತೆ ಸ್ಟೀರಾಯ್ಡ್ ಏಕೆ ಎಂಬ ಅತ್ತೆಯ ಪ್ರಶ್ನೆ ತರ್ಕಬದ್ಧವಾದದ್ದು. ಇದರಲ್ಲಿ ಏನೂ ಆಗುವುದಿಲ್ಲ, ಹೆದರಬೇಡಿ ಎಂದು ಬಾಯಿ ಮುಚ್ಚಿಸಿದ್ದರೆ ಬಾಟಲಿ ಮತ್ತೆ ಕಪಾಟು ಸೇರುತ್ತಿತ್ತು. ಮೇಲಿನ ತೂಕದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ, ಬಾಟಲಿ ಮುಕ್ಕಾಲು ಪಾಲು ತುಂಬಿಯೇ ಇದ್ದುದನ್ನು ಅವರೇ ಕಣ್ಣಾರೆ ನೋಡಿದ್ದಾಗ, ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ್ದು ಒಂದೇ ಮಾತು: "ಹಾಗಾದರೆ ಆ ಸೂಜಿಯವರು ಯಾಕೆ ಹೇಳಲಿಲ್ಲ?" ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ.

ಇನ್ನು ಬಳಸುವ ವಿಧಾನ. ಖಾಲಿ ಮಾದರಿ ಬಾಟಲಿ ಕೊಟ್ಟು, "ನೀವು ಹೇಗೆ ಹಾಕುತ್ತಿದ್ದಿರೋ ಹಾಗೆಯೇ ತೋರಿಸಿ" ಎಂದೆ. ಟೀಚರ್ ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಲಗೈಯಲ್ಲೇ ಎರಡೂ ಹೊಳ್ಳೆಗಳಿಗೆ ಹಿಡಿದು, ಒತ್ತಿದ ಕೂಡಲೇ ಸೊರ್ರನೆ ಎಳೆದುಕೊಂಡರು. ಅವರ ಎಲ್ಲ ತೊಂದರೆಗಳೂ ಆ ಒಂದು ಕ್ಷಣದಲ್ಲಿ ಕಾಣಿಸಿದವು. ತಲೆ ಹಿಂದಕ್ಕೆ ಚೆಲ್ಲಿ ಜೋರಾಗಿ ಎಳೆದರೆ ಔಷಧ ಮೂಗಿನಲ್ಲಿ ನಿಲ್ಲದೆ ಗಂಟಲಿಗೆ ಇಳಿಯುತ್ತದೆ. ಅವರು ಹೇಳುತ್ತಿದ್ದ ಗಂಟಲಿನ ಕೆಟ್ಟ ರುಚಿ ಅದರಿಂದಲೇ. ಬಲಗೈಯಲ್ಲಿ ಬಲಹೊಳ್ಳೆಗೆ ಹಾಕುವಾಗ ನಳಿಕೆಯ ತುದಿ ಸಹಜವಾಗಿ ಮೂಗಿನ ನಡುಗೋಡೆಯತ್ತ ತಿರುಗುತ್ತದೆ; ಎಡಕ್ಕೂ ಅದೇ ಕೈಯನ್ನು ಮಣಿಕಟ್ಟು ತಿರುಚಿ ಒಯ್ಯುತ್ತಿದ್ದುದರಿಂದ ಅಲ್ಲಿಯೂ ತುದಿ ನಡುಗೋಡೆಗೇ ತಾಗುತ್ತಿತ್ತು. ನಡುಗೋಡೆಯ ಮುಂಭಾಗದಲ್ಲಿ ತೆಳುವಾದ ಪದರದ ಕೆಳಗೆ ರಕ್ತನಾಳಗಳು ಒತ್ತಾಗಿ ಸೇರಿಕೊಂಡಿವೆ. ಅಲ್ಲಿಗೇ ಬೀಳುವ ಸ್ಪ್ರೇ ಆ ಪದರವನ್ನು ಒಣಗಿಸಿ ರಕ್ತ ಬರಿಸುತ್ತದೆ, ಅಪರೂಪಕ್ಕೆ ತೂತನ್ನೂ ಮಾಡಬಹುದು.

ಹೊಸ ವಿಧಾನವನ್ನು ಹೀಗೆ ರೂಢಿಸಿದೆವು. ಮೊದಲು ಮೂಗು ಸೀಟಿ ಸ್ವಚ್ಛ ಮಾಡಬೇಕು. ಬಾಟಲಿಯನ್ನು ಕುಲುಕಬೇಕು, ಹೊಸದಾಗಿದ್ದರೆ ಅಥವಾ ಒಂದು ವಾರ ಬಳಸದೆ ಬಿಟ್ಟಿದ್ದರೆ ನವಿರಾದ ಮಂಜು ಬರುವವರೆಗೆ ಗಾಳಿಯಲ್ಲಿ ಕೆಲವು ಬಾರಿ ಒತ್ತಬೇಕು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಎಡಹೊಳ್ಳೆಗೆ ಬಲಗೈ, ಬಲಹೊಳ್ಳೆಗೆ ಎಡಗೈ ಬಳಸಿ, ನಳಿಕೆಯ ತುದಿಯನ್ನು ಆಯಾ ಬದಿಯ ಕಿವಿಯ ದಿಕ್ಕಿಗೆ ತಿರುಗಿಸಿ ಒತ್ತಬೇಕು. ಉಸಿರನ್ನು ಮಲ್ಲಿಗೆ ಮೂಸುವಷ್ಟು ಮೆಲ್ಲಗೆ ಎಳೆದು ಬಾಯಿಯಿಂದ ಬಿಡಬೇಕು. ಕೊನೆಗೆ ತುದಿಯನ್ನು ಒರೆಸಿ ಮುಚ್ಚಬೇಕು. ಕಟ್ಟಿಕೊಂಡರೆ ಸೂಜಿಯಿಂದ ಚುಚ್ಚದೆ, ನಳಿಕೆಯನ್ನು ಕಳಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಎಡಗೈಯ ಬಳಕೆ ಅಭ್ಯಾಸವಾಗಲು ಅವರಿಗೆ ಸಮಯ ಹಿಡಿಯಿತು. ಮುಂದಿನ ಭೇಟಿಯಲ್ಲಿ ಮತ್ತೆ ಮಾಡಿಸಿ ನೋಡಿದಾಗ ತಲೆ ಪುನಃ ಹಿಂದಕ್ಕೆ ಹೋಗುತ್ತಿತ್ತು. ಒಮ್ಮೆ ಹೇಳಿಕೊಟ್ಟು ಬಿಟ್ಟರೆ ಸಾಲದು ಎಂಬ ನನ್ನ ಅಭಿಪ್ರಾಯ ಆಗ ಇನ್ನಷ್ಟು ಗಟ್ಟಿಯಾಯಿತು.

ಸೀನು ಬಂದಾಗ ಮಾತ್ರ ಒತ್ತುವುದು, ನಾಲ್ಕು ದಿನ ನೋಡಿ ಬಿಡುವುದು ಟೀಚರ್‌ನ ಹಳೆಯ ಪದ್ಧತಿಯಾಗಿತ್ತು. ಈ ಔಷಧ ಹನಿಯಂತೆ ನಿಮಿಷಗಳಲ್ಲಿ ಕೆಲಸ ಮಾಡುವುದಿಲ್ಲ. ಅರ್ಧ ದಿನದಿಂದ ಕೆಲವು ದಿನಗಳಲ್ಲಿ ಗುಣ ಕಾಣಿಸತೊಡಗಿ, ಪೂರ್ಣ ಫಲಕ್ಕೆ ಎರಡು ವಾರವೂ ಬೇಕಾಗಬಹುದು. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಟ್ಟು ದಿನವೂ ಬೆಳಿಗ್ಗೆ ಹಾಕುವುದೆಂದು ತೀರ್ಮಾನವಾಯಿತು.

ಹನಿಯನ್ನು ಬಿಡಿಸಲು ವೈದ್ಯರು ಒಂದೊಂದೇ ಹೊಳ್ಳೆಯ ಕ್ರಮವನ್ನು ಸೂಚಿಸಿದರು. ಸ್ಪ್ರೇ ಆರಂಭಿಸಿ, ಮೊದಲು ಬಲಹೊಳ್ಳೆಗೆ ಹನಿ ನಿಲ್ಲಿಸಿ, ಅದು ತೆರೆದುಕೊಂಡ ಮೇಲೆ ಎಡಕ್ಕೂ ನಿಲ್ಲಿಸುವುದು. ಮೊದಲ ವಾರದ ರಾತ್ರಿಗಳು ಕಷ್ಟಕರವಾಗಿದ್ದವು ಎಂದು ಟೀಚರ್ ಹೇಳಿದರು, ಆದರೆ ಒಂದು ಹೊಳ್ಳೆಯಾದರೂ ತೆರೆದಿರುತ್ತದೆ ಎಂಬ ಧೈರ್ಯದಿಂದ ಹಿಡಿದ ಪಟ್ಟು ಬಿಡಲಿಲ್ಲ.

ಈ ನಡುವೆ ಇನ್ನೊಂದು ಸಂಗತಿ ತಿಳಿಯಿತು. ಯೋಗ ತರಗತಿಯಲ್ಲಿ ಕಲಿತ ಜಲನೇತಿಯನ್ನು ಅವರು ಬಾವಿಯ ನೀರನ್ನು ಹಾಗೆಯೇ ಬಳಸಿ ಮಾಡುತ್ತಿದ್ದರು. ಉಪ್ಪುನೀರಿನಿಂದ ಮೂಗು ತೊಳೆಯುವುದು ಅಲರ್ಜಿಗೆ ಒಳ್ಳೆಯದೇ. ಆದರೆ ಕುದಿಸದ ನೀರು ಮೂಗಿನ ಮೇಲ್ಭಾಗಕ್ಕೆ ಹೋದರೆ ಅಮೀಬಾದಿಂದ ಮಿದುಳು ಜ್ವರ ಬರುವ ಅಪಾಯವಿದೆ, ಕೇರಳದಲ್ಲಿ 2024 ಮತ್ತು 2025ರಲ್ಲಿ ಇಂಥ ಪ್ರಕರಣಗಳೂ ಸಾವುಗಳೂ ವರದಿಯಾಗಿವೆ. ಅಮೆರಿಕದ ಲೂಯಿಸಿಯಾನದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಇದೇ ಕಾಯಿಲೆಯಿಂದ ತೀರಿಹೋಗಿದ್ದರು. ಕುದಿಸಿ ಆರಿಸಿದ ನೀರನ್ನೇ ಬಳಸುವುದು, ತೊಳೆದು ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ ಹಾಕುವುದು ಎಂದು ಬದಲಾಯಿಸಿದೆವು. ಸ್ಪ್ರೇ ಹಾಕಿದ ಮೇಲೆ ತೊಳೆದರೆ ಔಷಧವೂ ನೀರಿನೊಡನೆ ಹೋಗುತ್ತದೆ.

ಫಲಿತಾಂಶ ಮತ್ತು ಅದರ ಅರ್ಥ

ಮೂರನೆಯ ವಾರದಲ್ಲಿ ಹನಿ ಸಂಪೂರ್ಣ ನಿಂತಿತ್ತು, ರಾತ್ರಿ ಬಾಯಿಮುಚ್ಚಿ ಮಲಗುವುದು ಸಾಧ್ಯವಾಗಿತ್ತು. ಮುಖದ ಊತ ಇಳಿಯಲು ಮಾತ್ರ ತಿಂಗಳುಗಳೇ ಬೇಕಾದವು. ಮರುಪರೀಕ್ಷೆಯಲ್ಲಿ ಕಾರ್ಟಿಸಾಲ್ ಸಹಜ ಮಟ್ಟಕ್ಕೆ ಬಂದಿತ್ತು. ಇದು ಟೀಚರ್ ಸ್ಪ್ರೇಯನ್ನು ದಿನವೂ ಬಳಸುತ್ತಿದ್ದ ಅವಧಿಯಲ್ಲೇ ಆದದ್ದು. ಅತ್ತೆಯ ಸಂದೇಹವನ್ನು ನಿವಾರಿಸಿದ್ದು ನನ್ನ ಯಾವ ವಿವರಣೆಯೂ ಅಲ್ಲ, ಲ್ಯಾಬಿನ ಈ ಕಾಗದ. ಟೀಚರ್‌ನ ತಾಯಿಗೆ ಗ್ಲಾಕೋಮಾ ಇದ್ದುದರಿಂದ ಕಣ್ಣಿನ ಒತ್ತಡವನ್ನೂ ಪರೀಕ್ಷಿಸಲಾಯಿತು, ಸರಿಯಾಗಿತ್ತು. ದೀರ್ಘಕಾಲ ಬಳಸುವವರು, ಅದರಲ್ಲೂ ಮನೆತನದಲ್ಲಿ ಈ ಕಾಯಿಲೆ ಇರುವವರು, ಇದನ್ನು ಆಗಾಗ ಮಾಡಿಸಿಕೊಳ್ಳುವುದು ಒಳ್ಳೆಯದು. ಲಕ್ಷಣಗಳು ಹಿಡಿತಕ್ಕೆ ಬಂದ ಮೇಲೆ ಪ್ರತಿ ಹೊಳ್ಳೆಗೆ 1 ಪಫ್‌ಗೆ ಇಳಿಸಲಾಗಿದೆ. ಅಡಿಕೆ ಸುಲಿಯುವ ದಿನಗಳಲ್ಲಿ ವೈದ್ಯರ ಸಲಹೆಯಂತೆ ಮತ್ತೆ 2ಕ್ಕೆ ಏರಿಸುತ್ತಾರೆ, ಸುಲಿಯುವ ಜಾಗವನ್ನು ಮನೆಯ ಹಿಂದಿನ ಶೆಡ್ಡಿಗೆ ಸ್ಥಳಾಂತರಿಸಿದ್ದಾರೆ.

ಕುಟುಂಬವೊಂದು ಎಲ್ಲಕ್ಕಿಂತ ಚಿಕ್ಕ ಪ್ರಮಾಣದ ಸ್ಟೀರಾಯ್ಡ್‌ಗೆ ಹೆದರಿ ಅದನ್ನು ಬಿಟ್ಟು, ಹೆಸರು ಹೇಳದೆ ಬಂದ ದೊಡ್ಡ ಪ್ರಮಾಣದ ಎರಡನ್ನು ಸ್ವಾಗತಿಸಿತ್ತು. ಕಾರಣ, ಸ್ಪ್ರೇಯ ಡಬ್ಬಿಯೊಳಗೆ ಎಚ್ಚರಿಕೆಯ ಕಾಗದವಿತ್ತು, ಇಂಜೆಕ್ಷನ್‌ಗೆ ಇರಲಿಲ್ಲ. ಆದ್ದರಿಂದ ಮೂಗಿನ ಸ್ಪ್ರೇ ಕೊಡುವಾಗ ನಾನು ಈಗ ತಪ್ಪದೆ ಕೇಳುವ ಪ್ರಶ್ನೆಗಳು ಸ್ಪ್ರೇಯ ಕುರಿತಾದವಲ್ಲ: ದಮ್ಮಿಗೆ ಇನ್‌ಹೇಲರ್ ಇದೆಯೇ, ಚರ್ಮಕ್ಕೆ ಏನು ಹಚ್ಚುತ್ತೀರಿ, ಈಚೆಗೆ ಇಂಜೆಕ್ಷನ್ ಆಗಿದೆಯೇ, ಹುಳುಕಡ್ಡಿಗೆ ಮಾತ್ರೆ ಇದೆಯೇ. ಮೂಗಿನ ಶಸ್ತ್ರಚಿಕಿತ್ಸೆ ಈಚೆಗೆ ಆಗಿದ್ದರೆ ಅಥವಾ ಮೂಗಿನಲ್ಲಿ ಹುಣ್ಣಿದ್ದರೆ ವೈದ್ಯರನ್ನು ಮತ್ತೆ ಕಾಣಲು ಹೇಳುತ್ತೇನೆ. ಪದೇಪದೇ ರಕ್ತ ಬಂದರೆ, ಉಸಿರಾಡುವಾಗ ಮೂಗಿನಲ್ಲಿ ಸಿಳ್ಳೆಯ ಸದ್ದು ಕೇಳಿದರೆ, ದೃಷ್ಟಿ ಮಂಜಾದರೆ ಸ್ಪ್ರೇ ನಿಲ್ಲಿಸಿ ತೋರಿಸಬೇಕು. ಒಂದೇ ಹೊಳ್ಳೆ ಸದಾ ಕಟ್ಟಿಕೊಂಡು ರಕ್ತಮಿಶ್ರಿತ ಸಿಂಬಳ ಬರುತ್ತಿದ್ದರೆ ಅದನ್ನು ಅಲರ್ಜಿ ಎಂದು ತಿಳಿದು ಕೂರದೆ ಕಿವಿ, ಮೂಗು, ಗಂಟಲಿನ ತಜ್ಞರ ಬಳಿಗೆ ಹೋಗಲೇಬೇಕು.

ನಾಲ್ಕನೆಯ ತರಗತಿಯಲ್ಲಿ ಓದುವ ಅವರ ಮಗನಿಗೂ ಸೀನು ಶುರುವಾಗಿದೆ. ತಮ್ಮ ಬಾಟಲಿಯನ್ನೇ ಅವನಿಗೂ ಹಾಕಬಹುದೇ ಎಂದು ಟೀಚರ್ ಕೇಳಿದಾಗ ಬೇಡವೆಂದು ವೈದ್ಯರಲ್ಲಿಗೆ ಕಳುಹಿಸಿದೆ. ಅವನಿಗೆ ಬೇರೆಯೇ ಬಾಟಲಿ, ಪ್ರತಿ ಹೊಳ್ಳೆಗೆ ದಿನಕ್ಕೆ 1 ಪಫ್, ಅದೂ ನಿಗದಿತ ಅವಧಿಗೆ, ದೊಡ್ಡವರೇ ಹಾಕಬೇಕೆಂಬ ಷರತ್ತಿನೊಡನೆ ಬರೆದುಕೊಟ್ಟಿದ್ದಾರೆ. ಮಕ್ಕಳಲ್ಲಿ ಈ ಔಷಧ ಬೆಳವಣಿಗೆಯ ವೇಗವನ್ನು ಕೊಂಚ ತಗ್ಗಿಸುವ ಸಾಧ್ಯತೆ ಇರುವುದರಿಂದ ಆಗಾಗ ಎತ್ತರ ಅಳೆಯಲು ಹೇಳಿದ್ದಾರೆ. ಮೊದಲ ಅಳತೆಯನ್ನು ತಾರೀಕಿನೊಡನೆ ಟೀಚರ್ ಅವನ ಔಷಧದ ಚೀಟಿಯ ಹಿಂಬದಿಯಲ್ಲೇ ಬರೆದಿಟ್ಟಿದ್ದಾರೆ; ಮುಂದಿನದು ಶಾಲೆ ಪುನಃ ತೆರೆಯುವ ಜೂನ್‌ನಲ್ಲಿ.